ಅಜವಾನದ ಲೋಟ ವಾಪಸು ಕೊಡುವಾಗ ಆಡುವ ಮಾತು

ತೇಲೂರು, ಹಿನ್ನೀರು ವರ್ಷ ೨೧೪, ಎರಡನೇ ಶ್ರಾವಣದ ಮೂವತ್ತಮೂರನೇ ದಿನ.

ಕಸ್ತೂರೆವ್ವನವರಿಗೆ ನಿಮ್ಮ ಏಳನೇ ತಲೆಮಾರಿನ ನೀಲಗಂಗಾ ಮಾಡುವ ನಮಸ್ಕಾರಗಳು.

ಇಂಥ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲವೆಂದು ನನಗೆ ಗೊತ್ತು. ನಮ್ಮಲ್ಲಿ ಮಳೆ ನಿಲ್ಲುವ ತನಕ ಶ್ರಾವಣ ಮುಗಿಯುವುದಿಲ್ಲ, ಹಾಗಾಗಿ ದಿನಗಳನ್ನು ಹಿಟ್ಟಿನಂತೆ ನಾದಿ ಎಳೆಯುತ್ತೇವೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರ ಅನಿಸಬಹುದು, ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನನಗೆ ಕಲಿಸಿದ್ದು ನಮ್ಮಜ್ಜಿ, ಆಕೆಗೂ ಅದು ಅರ್ಧಂಬರ್ಧವೇ ಬರುತ್ತಿತ್ತು. ನಮ್ಮ ಕಾಲದಲ್ಲಿ ಕೃಷ್ಣೆ ವರ್ಷಕ್ಕೆ ಹದಿನೈದು ದಿನ ಹಿಂದಕ್ಕೆ ಹರಿಯುತ್ತಾಳೆ. ಅದಕ್ಕೆ ತಿರುವುಹೊಳೆ ಎನ್ನುತ್ತೇವೆ. ಆಗ ಹಿರಿಯರಿಗೆ ಬರೆದ ಕಾಗದವನ್ನು ಮೇಣದ ಬಟ್ಟೆಯಲ್ಲಿ ಸುತ್ತಿ ನೀರಿಗೆ ಬಿಟ್ಟರೆ ಅದು ಅವರ ಕಾಲದ ದಡ ಸೇರುತ್ತದಂತೆ. ಉತ್ತರ ಬಂದದ್ದನ್ನು ಯಾರೂ ಕಂಡಿಲ್ಲ, ಆದರೂ ಬರೆಯುವುದನ್ನು ಯಾರೂ ಬಿಟ್ಟಿಲ್ಲ.

ನಾವಿರುವುದು ನೀರಿನ ಮೇಲೆ. ಬಿದಿರು ಮತ್ತು ಜೊಂಡು ಹೆಣೆದ ಹಾಸಿನ ಮೇಲೆ ಮನೆ, ಮನೆಯ ಹಿಂದೆ ತೇಲುಮಡಿಗಳಲ್ಲಿ ಸಬ್ಬಸಿಗೆ, ಮೆಂತ್ಯ, ಅಜವಾನ. ಗಾಳಿ ದಿಕ್ಕು ಬದಲಿಸಿದರೆ ಊರೂ ಸ್ವಲ್ಪ ಜರುಗುತ್ತದೆ. ನಿನ್ನೆ ಹೆಪ್ಪಿಗೆ ಮಜ್ಜಿಗೆ ಕೊಟ್ಟ ಪಕ್ಕದ ಮನೆಯವಳು ಇವತ್ತು ಎದುರುಮನೆಯವಳಾಗಿರುತ್ತಾಳೆ. ನೀರು ತಿಳಿಯಾದ ಬೆಳಿಗ್ಗೆ ಕೆಳಗೆ ಬಗ್ಗಿ ನೋಡಿದರೆ ನಿಮ್ಮ ಕಾಲದ ಒಂದು ಬಸ್ ಸ್ಟ್ಯಾಂಡ್ ಕಾಣುತ್ತದೆ. ಕಲ್ಲು ಬೆಂಚಿನ ಮೇಲೆ ಮೀನುಗಳು ಸಾಲಾಗಿ ನಿಂತು, ಬಸ್ಸಿಗೆ ಕಾದವರಂತೆ ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ. ನಾನು ಅದನ್ನು ನೋಡುತ್ತಾ ಕೂತು ಎಷ್ಟೋ ಸಲ ಅನ್ನ ಸೀದುಹೋಗಿದೆ.

ಊರಿನ ನಡುವೆ ಬೆಚ್ಚನೆಮನೆ ಇದೆ. ಮುಟ್ಟಿನ ನೋವು ಬಂದ ಹೆಣ್ಣುಮಕ್ಕಳು ತಾವಾಗಿ ಬಂದು ಕೂರುವ ಜಾಗ ಅದು. ನಿಮ್ಮ ಕಾಲದಲ್ಲಿ ಕೆಲವರನ್ನು ಹೊರಗೆ ಕೂರಿಸುತ್ತಿದ್ದರಂತೆ, ಇದು ಹಾಗಲ್ಲ, ಬೇಕಾದವರು ಬರುತ್ತಾರೆ. ಅಲ್ಲಿ ಹುರಿದ ಉಪ್ಪಿನ ಗಂಟು ಹೊಟ್ಟೆಯ ಮೇಲೆ ಇಡುತ್ತೇವೆ, ಸೊಂಟಕ್ಕೆ ಬೆಚ್ಚಗೆ ಔಡಲೆಣ್ಣೆ ತಿಕ್ಕುತ್ತೇವೆ, ಎಳ್ಳುಂಡೆ ಕೊಡುತ್ತೇವೆ, ನೋವು ಸ್ವಲ್ಪ ಸಡಿಲಿದರೆ ಹಲಗೆಯ ಹಾದಿಯಲ್ಲಿ ನಾಲ್ಕು ಹೆಜ್ಜೆ ನಡೆಸುತ್ತೇವೆ. ಮುಟ್ಟಿಗೆ ಮೊದಲು ಮೈಯೆಲ್ಲ ಭಾರವಾಗಿ, ಸುಮ್ಮಸುಮ್ಮನೆ ಅಳುವೂ ಸಿಟ್ಟೂ ಬರುವ ದಿನಗಳಿಗೆ ಮೋಡದ ದಿನ ಎನ್ನುತ್ತೇವೆ. ಬಾಗಿಲಿಗೆ ನೀಲಿ ಬಟ್ಟೆ ಕಟ್ಟಿದರೆ ಆ ಮನೆಯವಳ ಹತ್ತಿರ ಯಾರೂ ವಾದಕ್ಕೆ ಇಳಿಯುವಂತಿಲ್ಲ. ನನ್ನ ತಂಗಿಯ ಗಂಡ ಕೆಲಸ ತಪ್ಪಿಸಿಕೊಳ್ಳಲು ಒಮ್ಮೆ ತಾನೂ ನೀಲಿ ಬಟ್ಟೆ ಕಟ್ಟಿ ಮಲಗಿದ್ದ. ಅವತ್ತಿನ ನಗು ಇನ್ನೂ ನಿಂತಿಲ್ಲ.

ಬೆಚ್ಚನೆಮನೆಯ ಒಲೆ ನನ್ನದು. ಅಜವಾನ ಹುರಿದು, ಹಸಿಶುಂಠಿ ಜಜ್ಜಿ, ಬೆಲ್ಲ ಹಾಕಿ ಕುದಿಸುವ ಕಷಾಯ ನಿಮ್ಮದೇ. ನೀವು ಬಾಗಲಕೋಟೆಯ ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆ ಮಾಡಿಕೊಂಡು, ನೋವಿನಿಂದ ಮುದುಡಿ ಮಲಗಿದವರಿಗೆ ಅದನ್ನು ಕುಡಿಸುತ್ತಿದ್ದಿರಂತೆ. ಲೋಟ ವಾಪಸು ಕೊಡುವಾಗ ಆ ಹುಡುಗಿಯರು "ಕಡಿಮಿ ಆತ್ರೀ, ಕಸ್ತೂರೆವ್ವ" ಅನ್ನುತ್ತಿದ್ದರಂತೆ. ಆ ಮಾತು ಏಳು ತಲೆಮಾರು ದಾಟಿ ನಮ್ಮ ಸಂಪ್ರದಾಯವೇ ಆಗಿಬಿಟ್ಟಿದೆ. ಲೋಟ ಕೊಡುವಾಗ "ಕಡಿಮಿ ಆತು" ಅನ್ನಲೇಬೇಕು. ಅನ್ನದಿದ್ದರೆ ಕೊಟ್ಟವಳ ಕೈಗುಣಕ್ಕೆ ಅವಮಾನ. ಎಷ್ಟೋ ಹುಡುಗಿಯರು ಪೂರ್ತಿ ಕುಡಿಯುವ ಮೊದಲೇ ಹೇಳಿ ಮುಗಿಸುತ್ತಾರೆ. ನಾನೂ ಕೇಳಿ ಕೇಳಿ ಉಬ್ಬುತ್ತಿದ್ದೆ. ನೀಲಗಂಗಾನ ಕೈ ಅಂದರೆ ಸುಮ್ಮನೆಯೇ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ನನ್ನ ತಂಗಿಯ ಮಗಳು ತೆನೆಗೆ ಹದಿನೇಳು ವರ್ಷ. ಎರಡು ವರ್ಷ ಪ್ರತಿ ತಿಂಗಳೂ ನನ್ನ ಕೈಯ ಕಷಾಯ ಕುಡಿದು, ಪ್ರತಿ ತಿಂಗಳೂ "ಕಡಿಮಿ ಆತು, ದೊಡ್ಡವ್ವ" ಅಂದಳು. ಮುಖ ಬಿಳುಚಿಕೊಂಡಿರುತ್ತಿತ್ತು, ನಾನು ಮುಖ ನೋಡಲಿಲ್ಲ, ಮಾತು ಕೇಳಿದೆ. ಹೋದ ಚಳಿಗಾಲದಲ್ಲಿ ಸಬ್ಬಸಿಗೆ ಕೊಯ್ಯುತ್ತಿದ್ದವಳು ಮಡಿಯ ಮೇಲೆಯೇ ಪ್ರಜ್ಞೆ ತಪ್ಪಿ ಬಿದ್ದಳು. ದೋಣಿ ಡಾಕ್ಟರು ಶಮೀಮಾ ಬಂದರು. ಮನೆಮದ್ದಿಗೆ ನೋವು ಇಳಿಯುತ್ತಿತ್ತೇ ಎಂದು ಕೇಳಿದರು. ತೆನೆ ಬಾಯಿ ತೆರೆಯುವ ಮೊದಲೇ ಪ್ರತಿ ಸಲವೂ ಇಳಿಯುತ್ತಿತ್ತು ಎಂದು ನಾನೇ ಹೇಳಿದೆ. ತೆನೆ ನನ್ನ ಮುಖ ನೋಡಿ ಸುಮ್ಮನಾದಳು. ಡಾಕ್ಟರು ನನ್ನನ್ನು ನೀರು ತರಲು ಕಳಿಸಿದರು. ನಾನು ಬರುವಷ್ಟರಲ್ಲಿ ಅವಳು ಎಲ್ಲ ಹೇಳಿ ಅಳುತ್ತಿದ್ದಳು. ಎರಡು ವರ್ಷದಲ್ಲಿ ಒಂದು ಸಲವೂ ಇಳಿದಿರಲಿಲ್ಲವಂತೆ.

ಗರ್ಭಕೋಶದ ಒಳಗೆ ಇರುವಂಥ ಪದರ ಅವಳಿಗೆ ಹೊರಗೂ ಬೆಳೆದು ಅಂಟಿಕೊಂಡಿತ್ತು. ಆಪರೇಷನ್ ಆಯಿತು. ಒಂದು ಅಂಡಾಶಯ ಉಳಿಯಲಿಲ್ಲ. ಮೊದಲೇ ತೋರಿಸಿದ್ದರೆ ಉಳಿಯುತ್ತಿತ್ತೇನೋ ಎಂದರು ಡಾಕ್ಟರು. ಕಷಾಯದ್ದೇನೂ ತಪ್ಪಿಲ್ಲ, ಸಾಮಾನ್ಯ ನೋವಿಗೆ ಅದು ಒಳ್ಳೆಯದೇ, ಕುಡಿಸಿ ಎಂದೂ ಅಂದರು. ಅದನ್ನು ಕೇಳಿ ನನಗೆ ಇನ್ನಷ್ಟು ನಾಚಿಕೆಯಾಯಿತು. ತಪ್ಪಿದ್ದದ್ದು ನನ್ನಲ್ಲಿ. ನನ್ನ ಮನಸ್ಸು ನೋಯಬಾರದೆಂದು ಆ ಕೂಸು ಎರಡು ವರ್ಷ ಹಲ್ಲು ಕಚ್ಚಿಕೊಂಡಿತ್ತು.

ಅದಕ್ಕೇ ಈ ಕಾಗದ. ನಿಮ್ಮ ಹಾಸ್ಟೆಲಿನಲ್ಲಿ ಈಗ ಯಾವಳೋ ಲೋಟ ವಾಪಸು ಕೊಡುತ್ತಿರಬಹುದು. ಕಸ್ತೂರೆವ್ವನವರೇ, ಕಷಾಯ ಖಂಡಿತ ಕೊಡಿ, ಉಪ್ಪಿನ ಗಂಟೂ ಇಡಿ. ಆದರೆ ಇಳಿಯಿತೇ ಎಂದು ನೀವೇ ಕೇಳಬೇಡಿ, ಬೇರೆಯವರಿಂದ ಕೇಳಿಸಿ. ನಿಮ್ಮೆದುರು ಅವರು ಇಲ್ಲ ಅನ್ನಲಾರರು, ನಿಮ್ಮ ಮೇಲೆ ಅಷ್ಟು ಪ್ರೀತಿ. ಎರಡು ಮೂರು ತಿಂಗಳಾದರೂ ಇಳಿಯದ ನೋವು, ಶಾಲೆ, ಊಟ ಬಿಡಿಸುವ ನೋವು, ತಿಂಗಳಿಂದ ತಿಂಗಳಿಗೆ ಏರುವ ನೋವು ಇದ್ದರೆ ನಿಮ್ಮ ಕೈಗುಣವನ್ನು ಪಕ್ಕಕ್ಕಿಟ್ಟು ಆ ಹುಡುಗಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಆಪರೇಷನ್ ಆದಮೇಲೂ ತೆನೆಗೆ ಕೆಲವು ತಿಂಗಳು ನೋವು ಬರುತ್ತದೆ. ಮೊನ್ನೆ ಬೆಚ್ಚನೆಮನೆಗೆ ಬಂದಳು. ಏಳೆಂಟು ಜನ ಹೆಂಗಸರು ಕೂತಿದ್ದರು. ಕುಡಿದು, ಲೋಟ ನನ್ನ ಕೈಗೆ ಕೊಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು, "ಇವತ್ತ ಏನೂ ಕಡಿಮಿ ಆಗಿಲ್ಲ, ದೊಡ್ಡವ್ವ."

ಸುಳ್ಳು ಹೇಳಲಾರೆ, ಒಂದು ಗಳಿಗೆ ನನಗೆ ಚುಚ್ಚಿತು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಡಾಕ್ಟರ ಹತ್ತಿರ ಹೋಗಲು ದೋಣಿಯ ಹಗ್ಗ ಬಿಚ್ಚಿದೆ.

ನಿಮ್ಮ,
ನೀಲಗಂಗಾ