ಇಳಿಸದ ಕೈ

ಅಣ್ಣನಿಗೆ,

ಹೊಲಿಗೆ ಅಂಗಡಿ ಮುಚ್ಚಿ ಪಕ್ಷದ ಸಮ್ಮೇಳನಕ್ಕೆ ಹೋಗುತ್ತಿದ್ದೀಯ, ಬಾಯಿಗೂ ಹೊಲಿಗೆ ಹಾಕಿಕೊಳ್ಳಬೇಡ ಎಂದು ಅಂದಿದ್ದಿರಲ್ಲ, ಅದು ನೆನಪಿತ್ತು. ಇನ್ನು ಮೇಲೆ ಚುನಾವಣೆಯ ಅಭ್ಯರ್ಥಿಯನ್ನು ನಮ್ಮಂಥ ಶಾಖೆಗಳು ಆರಿಸುವುದು ಬೇಡ, ಮೇಲಿನವರೇ ಆರಿಸಲಿ ಎಂಬ ನಿರ್ಣಯವನ್ನು ಸಮ್ಮೇಳನದಲ್ಲಿ ಓದಿದರು. ವಿರೋಧಿಸಿ ಮಾತಾಡಲು ಕೈ ಎತ್ತಿದೆ. ಅಷ್ಟರಲ್ಲಿ ಅಧ್ಯಕ್ಷರು, "ಒಪ್ಪುವವರು ಕೈ ಎತ್ತಿ" ಅಂದರು. ಮೈಕು ಬಂದೀತೆಂದು ನಾನು ಇಳಿಸಲಿಲ್ಲ. ನನ್ನನ್ನೂ ಎಣಿಸಿಕೊಂಡು ಹೋದರು.

"ಸಾಕು ಇಳಿಸಯ್ಯಾ, ಫ್ಯಾನಿಗೆ ತಾಗೀತು" ಎಂದು ಪಕ್ಕದಲ್ಲಿ ಕೂತಿದ್ದ ಬೇರೆ ಶಾಖೆಯ ಬಡಗಿಯೊಬ್ಬ ನಕ್ಕ.

ಸರ್ವಾನುಮತ ಎಂದು ಪತ್ರಿಕೆಯಲ್ಲಿ ಬಂದಿದೆ. ಭಾನುವಾರ ಶಾಖೆಯ ಸಭೆಗೆ ನಾನು ಬರುವುದಿಲ್ಲ, ಅಲ್ಲಿ ಈ ಕಾಗದವನ್ನೇ ಓದಿಬಿಡಿ. ಅತ್ತಿಗೆಯ ಬಟ್ಟೆ ಹೊಲಿದಾಗಿದೆ, ಯಾರನ್ನಾದರೂ ಕಳಿಸಿ.

ನಿಮ್ಮ ತಮ್ಮ

ನನಗಿಂತ ಮುಂಚೆ ಇಪ್ಪತ್ತು ವರ್ಷ ಶಾಖೆಯ ಪರವಾಗಿ ಸಮ್ಮೇಳನಕ್ಕೆ ನೀವೇ ಹೋಗುತ್ತಿದ್ದಿರಿ. ನಿಮ್ಮ ಕೈಯನ್ನು ಅವರು ಹೀಗೆ ಎಷ್ಟು ಸಲ ಎಣಿಸಿಕೊಂಡಿದ್ದಾರೆ, ಅಣ್ಣ?