ಫಲಿತಾಂಶಕ್ಕೂ ಮುಂಚೆ ಹಿಡಿದ ಕೋಣೆ

ಶಿಡ್ಲಘಟ್ಟ
ಏಪ್ರಿಲ್ ೧೯೬೧

ಚಿರಂಜೀವಿ ಬಯ್ಯಪ್ಪನಿಗೆ ನಿನ್ನ ಅಮ್ಮನ ಆಶೀರ್ವಾದ. ಬೈಗುಳ ಕೆಳಗಿದೆ.

ಅನಸೂಯಳ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಹೈಸ್ಕೂಲಿನ ಹತ್ತಿರ ಕೋಣೆ ಹುಡುಕೋಣ ಅಂದೆಯಲ್ಲ, ರೇಷ್ಮೆಹುಳು ಮೊಟ್ಟೆಯೊಡೆದು ಬಂದ ಮೇಲೆ ಹಿಪ್ಪುನೇರಳೆ ನೆಡುವವರುಂಟೇನೋ? ಕೋಣೆ ಸಿಗಲಿಲ್ಲ ಅಂತ ಮಗಳ ಮದುವೆ ಮಾಡಿಬಿಡುವ ನಿನ್ನ ಲೆಕ್ಕ ನನಗೆ ಗೊತ್ತಿಲ್ಲವೇ? ಇವತ್ತೇ ಇಲ್ಲೊಂದು ಕೋಣೆ ಹಿಡಿದೆ.

"ಮೊಮ್ಮಗಳು ಫೇಲಾದ್ರೆ ಏನ್ಮಾಡ್ತೀರಮ್ಮ?" ಎಂದಳು ಮನೆಯೊಡತಿ ಶ್ಯಾಮಲಮ್ಮ.

"ಬಾಡಿಗೆ ಯಾಕೆ ದಂಡ? ನಾನೇ ಸ್ಕೂಲಿಗೆ ಸೇರ್ಕೋತೀನಿ ಬಿಡಮ್ಮ" ಎಂದೆ.

ಒಂಟಿ ಹುಡುಗಿಗೆ ಕೋಣೆ ಕೊಡುವುದಿಲ್ಲವಂತೆ. ಅದಕ್ಕೆ ನಾನೂ ಇಲ್ಲೇ ಇರುತ್ತೇನೆ. ಅನಸೂಯಳ ಜೊತೆ ನನ್ನ ಹಾಸಿಗೆ, ರಾಗಿಹಿಟ್ಟು ಕಳಿಸು. ಹುಳುಗಳಿಗೆ ಇನ್ನು ಸೊಪ್ಪು ನೀನೇ ಹಾಕು. ಹೆಣ್ಣು ನೋಡಲು ಯಾರಾದರೂ ಬಂದರೆ ಇಲ್ಲಿಗೇ ಕಳಿಸು. ಕೋಣೆ ಚಿಕ್ಕದು, ನಾವಿಬ್ಬರು ಕೂತರೆ ಅವರು ನಿಂತೇ ವಾಪಸು ಹೋಗಬೇಕು.

ನಿನ್ನ ಅಮ್ಮ,
ಆಂಜಿನಮ್ಮ