ಐಟಂ ಮೂವತ್ತೊಂದು

ನವೆಂಬರ್ 9, ಸಂಜೆ 5:50

ಆರರಲ್ಲಿ ನಾಲ್ಕು ಮುಗಿಯಿತು. ಇನ್ನೆರಡು ನಾಳೆ. ಒಂದೊಂದು ಟ್ರಕ್ಕಿಗೆ ನಲವತ್ತಾರು ಐಟಂ — ಕನ್ನಡಿ, ಬೆಲ್ಟು, ಲೈಟಿನ ಎತ್ತರ, ಟೈರಿನ ಮೇಲಿನ ನಂಬರು. ಬಾನೆಟ್ಟಿನ ಒಳಗೆ ಇಣುಕಬೇಕಾದರೆ ನನಗೆ ಸ್ಟೂಲು ಬೇಕು. ಪಿಕಪ್ ಅಂತೆ. ನಮ್ಮ ಅಡುಗೆಮನೆಯನ್ನೇ ಇದರ ಹಿಂದೆ ಹೇರಿಕೊಂಡು ಹೋಗಬಹುದು. ಮೂರು ಟನ್ ತೂಕ, ಡೀಸೆಲ್ ಒಂದು ತೊಟ್ಟೂ ಇಲ್ಲ, ಎಲ್ಲಾ ಬ್ಯಾಟರಿ.

ಕೊಚ್ಚಿಯಲ್ಲಿ ಹಡಗಿನಿಂದ ಇಳಿದು, ಟ್ರೈಲರ್ ಮೇಲೆ ಬೈಕಂಪಾಡಿಯ ನಮ್ಮ ಯಾರ್ಡಿಗೆ ಬಂದು ಹನ್ನೊಂದು ದಿನ. ಅಂದಿನಿಂದ ಗೇಟು ದಾಟಿಲ್ಲ. ರಸ್ತೆಗೆ ಇಳಿಯಬೇಕಾದರೆ ಪುಣೆಯ ವಾಹನ ಪರೀಕ್ಷಾ ಸಂಸ್ಥೆಯಿಂದ ಒಪ್ಪಿಗೆ ಬರಬೇಕು. ಅದು ಬರಬೇಕಾದರೆ ನನ್ನ ಚೆಕ್‌ಲಿಸ್ಟ್ ಹೋಗಬೇಕು. ಕೊನೆಯ ಪುಟದಲ್ಲಿ "ಪರಿಶೀಲಿಸಿದವರು: ಭಾರ್ಗವಿ". ಮೊದಲ ಸಲ ಅಲ್ಲಿ ನನ್ನ ಹೆಸರು. ಸ್ವಲ್ಪ ಜಂಬ ಆಯಿತು, ಸುಳ್ಳು ಯಾಕೆ.

ಐಟಂ 31ರಲ್ಲಿ ಸಿಕ್ಕಿಹಾಕಿಕೊಂಡೆ. "ನಿಧಾನ ಚಲನೆಯಲ್ಲಿ ಎಚ್ಚರಿಕೆಯ ಶಬ್ದ." ಬ್ಯಾಟರಿ ಗಾಡಿಗೆ ಇಂಜಿನ್ ಸದ್ದಿಲ್ಲ, ಹಾಗಾಗಿ ಮೆಲ್ಲ ಹೋಗುವಾಗ ಅದಾಗಿಯೇ ಗುಂಯ್ ಅನ್ನಬೇಕು, ನಡೆಯುವವರಿಗೆ ಗೊತ್ತಾಗಲಿ ಎಂದು. ಹೊಸ ನಿಯಮ. ನಮ್ಮ ಮೆಕ್ಯಾನಿಕ್ ರೂಬನ್ ಟ್ರಕ್ಕು ಬಿಟ್ಟ, ನಾನು ಪಕ್ಕದಲ್ಲಿ ನಡೆದೆ. ಕಾಂಪೌಂಡಿನ ಆಚೆ ಗ್ರಾನೈಟ್ ಕೊಯ್ಯುವ ಮಿಲ್ಲು — ಬೆಳಗಿನಿಂದ ಸಂಜೆ ತನಕ ಕಿರ್ರ್. ನನ್ನ ಮಾತೇ ನನಗೆ ಕೇಳುವುದಿಲ್ಲ. ಕಂಪನಿ ಕಳಿಸಿದ ಫಾರಿನ್ ಟೆಸ್ಟ್ ರಿಪೋರ್ಟಿನಲ್ಲಿ ಉಂಟಲ್ಲ ಮೇಡಂ ಎಂದ ರೂಬನ್. ಇತ್ತು, ಡೆಸಿಬೆಲ್ ಸಮೇತ. ಟಿಕ್ ಹಾಕಿದೆ. ಉಳಿದ ಮೂರಕ್ಕೂ ಹಾಕಿದೆ. ಆಗಲೇ ಕಾಲು ಸೋತಿತ್ತು.

ನವೆಂಬರ್ 11

ಫೈಲು ಪುಣೆಗೆ ಹೋಯಿತು. ಮುಖೇಶಣ್ಣ ಇಡೀ ಆಫೀಸಿಗೆ ಗೋಳಿಬಜೆ ತರಿಸಿದರು. ಹದಿನಾಲ್ಕು ವರ್ಷ ಬಹರೈನಿನ ಗ್ಯಾರೇಜಿನಲ್ಲಿ ಬೇರೆಯವರ ಗಾಡಿಯ ಕೆಳಗೆ ಮಲಗಿದವರು. ಈಗ ಅವರದೇ ಬೋರ್ಡು, ಅವರದೇ ಯಾರ್ಡು. ಆರು ಟ್ರಕ್ಕುಗಳೂ ಬುಕ್ ಆಗಿವೆ. ಬೈಗುಳ ಬಾಯ್ತುಂಬ, ಆದರೆ ಕೆಟ್ಟ ಮನುಷ್ಯ ಅಲ್ಲ.

ಬೋಳಾರದ ಮನೆಗೆ ಬರುವಾಗ ಅಪ್ಪ ಜಗಲಿಯಲ್ಲಿದ್ದರು. ಸಂಜೆಯ ಮಂಗಳಾರತಿಗೆ ಇನ್ನೂ ಹೊತ್ತಿತ್ತು. ತಿರುವಿನಾಚೆ ಬಸ್ಸಿನ ಸದ್ದು. "ನಾಲ್ಕೂವರೆಯದ್ದು ಈಗ ಬಂತು. ಕ್ಲಚ್ ಪ್ಲೇಟ್ ಹೋಗ್ಲಿಕ್ಕಾಗಿದೆ ಅದರದ್ದು" ಎಂದರು. ಅರವತ್ತಾರು ವರ್ಷ. ಗುಡಿಯೆದುರು ವಾಹನಪೂಜೆ ಮಾಡಿ ಮಾಡಿ ಊರಿನ ಎಲ್ಲಾ ಇಂಜಿನ್ನುಗಳ ಪರಿಚಯ. ಬಸ್ಸಿನವರು ಡ್ರೈವರಿಗಿಂತ ಚಕ್ರಪಾಣಿ ಭಟ್ಟರ ಕಿವಿ ನಂಬುತ್ತಾರೆ ಎಂದು ಅಮ್ಮ ತಮಾಷೆ ಮಾಡುವುದುಂಟು.

ನವೆಂಬರ್ 14, ಸಂಜೆ

ನಾಳೆ ಯಾರ್ಡಿನಲ್ಲೇ ಪೂಜೆ. ಮುಖೇಶಣ್ಣನಿಗೆ ಅಪ್ಪನೇ ಆಗಬೇಕು.

ಅಪ್ಪ ಚೀಲದಲ್ಲಿ ಲಿಂಬೆಹಣ್ಣು ಎಣಿಸಿ ಹಾಕುತ್ತಾ ಕೇಳಿದರು — ಬ್ಯಾಟರಿ ಗಾಡಿ ಸ್ಟಾರ್ಟ್ ಆದದ್ದು ಹೇಗೆ ಗೊತ್ತಾಗುವುದು? ಒಳ್ಳೆಯ ಪ್ರಶ್ನೆ. ಅವರ ಕ್ರಮ ಹಾಗೆ: ಚಕ್ರಕ್ಕೆ ಲಿಂಬೆ ಇಟ್ಟು, ತೆಂಗಿನಕಾಯಿ ಒಡೆದು, ಇಂಜಿನ್ ಸದ್ದು ಬಂದ ಕೂಡಲೇ ಎದುರಿನಿಂದ ಬದಿಗೆ ಸರಿಯುವುದು. ನಲವತ್ತು ವರ್ಷ ಸದ್ದೇ ಸೂಚನೆ. ನಾನು ಫೋನಿನಲ್ಲೇ ಕಣ್ಣಿಟ್ಟು ಹೇಳಿದೆ: ಇದಕ್ಕೂ ಶಬ್ದ ಉಂಟು ಅಪ್ಪ. ಗುಂಯ್ ಅಂತ. ನಿಮಗೆ ಕೇಳಿಯೇ ಕೇಳ್ತದೆ.

ಸರಿ ಎಂದರು.

ನವೆಂಬರ್ 19, ಆಸ್ಪತ್ರೆ, ಮಧ್ಯಾಹ್ನ 2:15

ನಾಲ್ಕು ದಿನ ಆಯಿತು. ಈಗ ಬರೆಯದಿದ್ದರೆ ತಲೆ ಒಡೆಯುತ್ತದೆ.

ಭಾನುವಾರ. ಸ್ಟೀರಿಂಗಿನಲ್ಲಿ ಮುಖೇಶಣ್ಣ. ಎದುರು ಕಾಯಿ ಒಡೆದಾಯಿತು. ಎಡ ಚಕ್ರದ ಲಿಂಬೆ ಸ್ವಲ್ಪ ಉರುಳಿತು, ಅಪ್ಪ ಬಗ್ಗಿ ಸರಿ ಮಾಡುತ್ತಿದ್ದರು. ಟ್ರಕ್ಕು ಹೊರಟೇ ಬಿಟ್ಟಿತು. ಅಷ್ಟು ಎತ್ತರದ ಬಾನೆಟ್ಟಿನ ಕೆಳಗೆ ಬಗ್ಗಿದ ಮನುಷ್ಯ ಕಾಣುವುದೇ ಇಲ್ಲ. ಎಡಪಾದದ ಮೇಲೆ ಚಕ್ರ. ಅಪ್ಪ ಕೂಗಲೂ ಇಲ್ಲ, ಬರೇ "ಅಯ್ಯೋ, ಬಂತಾ" ಎಂದರು. ಪಾದದ ಎಲುಬು ಮೂರು ಕಡೆ ಮುರಿದಿದೆ. ಆಪರೇಷನ್ ಆಗಿ ತಂತಿ ಹಾಕಿ ಜೋಡಿಸಿದ್ದಾರೆ. ಮೂರು ತಿಂಗಳು ಕಾಲೂರುವಂತಿಲ್ಲ.

ಮುಖೇಶಣ್ಣ ಎರಡು ದಿನ ಊಟ ಬಿಟ್ಟು ಇಲ್ಲೇ ಕೂತಿದ್ದರು. ಅತ್ತರು ಕೂಡ. ಭಟ್ರು ತಲೆ ಆಡಿಸಿದ ಹಾಗೆ ಕಂಡಿತು ಎಂದು ಎಲ್ಲರ ಹತ್ತಿರ ಹೇಳಿದರು. ಭಟ್ರಿಗೆ ಸದ್ದು ಕೇಳಲಿಲ್ಲ ಕಾಣುತ್ತದೆ, ಪ್ರಾಯ ಆಯಿತಲ್ಲ ಎಂದು ಉಳಿದವರು ಸೇರಿಸಿದರು.

ಒಂದು ವಿಷಯ ಮೂರು ದಿನದಿಂದ ಕೊರೆಯುತ್ತಿದೆ. ಭಾನುವಾರ ಮಿಲ್ಲಿಗೆ ರಜೆ. ಯಾರ್ಡು ತಣ್ಣಗಿತ್ತು. ನಾನು ಹತ್ತು ಅಡಿ ದೂರದಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದೆ.

ನನಗೂ ಏನೂ ಕೇಳಲಿಲ್ಲ.

ನವೆಂಬರ್ 25

ಅಪ್ಪ ಮನೆಗೆ ಬಂದರು. ಆ ದಿನದ ವಿಡಿಯೋ ಅವರಿಗಿಂತ ಮೊದಲೇ ಬಂದಿತ್ತು. ಪೂಜೆಗೆ ಬಂದ ಯಾರೋ ಮಾಡಿದ್ದು. ಈಗ ಗುಡಿಯ ವಾಟ್ಸಾಪ್ ಗ್ರೂಪಿನಲ್ಲಿ, ಕೆಳಗೆ ಕಿವಿಯ ಚಿತ್ರ ಹಾಕಿ ನಗುವವರು ಬೇರೆ.

ಗುಡಿಯ ಸಮಿತಿಯ ಅಧ್ಯಕ್ಷ ಹರಿಕೃಷ್ಣರು ಕಿತ್ತಳೆ ಹಿಡಿದುಕೊಂಡು ಬಂದರು. ಮಾತು ಬಹಳ ಮೆತ್ತಗೆ. ಗಂಟೆ, ಮಂತ್ರ, ಭಕ್ತರ ಮಾತು, ಎಲ್ಲದಕ್ಕೂ ಕಿವಿ ಬೇಕಲ್ಲ ಭಟ್ರೇ, ನಾಳೆ ಗರ್ಭಗುಡಿಯಲ್ಲಿ ಎಂತಾದರೂ ಆದರೆ? ಬದಲಿಗೆ ಒಬ್ಬರನ್ನು ನೋಡಿದ್ದೇವೆ, ನೀವು ವಿಶ್ರಾಂತಿ ತೆಗೆದುಕೊಳ್ಳಿ. ಡಿಸೆಂಬರ್ ಹದಿಮೂರಕ್ಕೆ ಸಭೆಯಂತೆ. ಅಜ್ಜನ ಕಾಲದಿಂದ ಬಂದ ಪೂಜೆ. ಅಪ್ಪ ಜಗಳ ಮಾಡುತ್ತಾರೆ ಎಂದುಕೊಂಡಿದ್ದೆ. ತಲೆ ತಗ್ಗಿಸಿ "ನನ್ನ ಕಿವಿಯದ್ದೇ ತಪ್ಪು" ಎಂದರು.

ಕಿವಿ ಟೆಸ್ಟ್ ಮಾಡಿಸುವ ಅಪ್ಪ ಎಂದೆ. ಬೇಡ ಎಂದರು. ಹೋಗಿದೆ ಎಂದು ಡಾಕ್ಟರು ಬರೆದು ಕೊಟ್ಟರೆ ಮತ್ತೆ ಎಂತ ಮಾಡುವುದು ಎಂಬ ಹೆದರಿಕೆ. ಸಂಜೆ ಬಸ್ಸು ಹೋಯಿತು. ಮತ್ತೊಂದು ಹೋಯಿತು. ಅಪ್ಪ ಏನೂ ಹೇಳಲಿಲ್ಲ.

ನವೆಂಬರ್ 29, ಭಾನುವಾರ, ಬೆಳಿಗ್ಗೆ 8:30

ರೂಬನ್ ಚರ್ಚಿಗೆ ಹೋಗುವ ಮೊದಲು ಬಾ ಎಂದು ಬೇಡಿದೆ. ಆರೂವರೆಗೆ ಯಾರ್ಡಿನಲ್ಲಿ ನಾವಿಬ್ಬರೇ. ಅವನು ಮೆಲ್ಲ ಬಿಟ್ಟ, ನಾನು ಬಂಪರಿಗೆ ಕಿವಿ ಕೊಟ್ಟು ನಡೆದೆ. ಟೈರು ಜಲ್ಲಿ ಅರೆಯುವ ಸದ್ದು, ಅಷ್ಟೇ. ಹಿಂದಕ್ಕೆ ಬರುವಾಗ ಪೀಂ ಪೀಂ ಉಂಟು. ಮುಂದಕ್ಕೆ — ಇಲ್ಲ. ಆರನ್ನೂ ನೋಡಿದೆವು. ಒಂದಕ್ಕೂ ಇಲ್ಲ.

ಬಂಪರ್ ಬಿಚ್ಚಿಸಿದೆ. ಸ್ಪೀಕರ್ ಕೂರುವ ಜಾಗ ಉಂಟು, ನಾಲ್ಕು ಬೋಲ್ಟಿನ ತೂತು ಉಂಟು, ವಯರಿನ ತುದಿಗೆ ಪ್ಲಾಸ್ಟಿಕ್ ಟೊಪ್ಪಿ ಹಾಕಿಟ್ಟಿದ್ದಾರೆ. ಸ್ಪೀಕರ್ ಮಾತ್ರ ಇಲ್ಲ. ನಮ್ಮ ಫೈಲಿನಲ್ಲಿರುವ ರಿಪೋರ್ಟು ಶಬ್ದದ ನಿಯಮ ಇರುವ ದೇಶಕ್ಕೆ ಕಳಿಸುವ ಮಾಡೆಲಿನದ್ದು. ಇಲ್ಲಿಗೆ ಬಂದದ್ದು, ಆ ನಿಯಮವೇ ಇಲ್ಲದ ಕಡೆಗೆ ಮಾಡಿದ್ದು. ಮಾಡೆಲ್ ನಂಬರಿನ ಕೊನೆಯ ಅಕ್ಷರ ಹೋಲಿಸಿದ್ದರೆ ಸಾಕಿತ್ತು. ಹೋಲಿಸಬೇಕಾದವಳು ನಾನೇ.

ರೂಬನ್ ಬಂಪರ್ ಪುನಃ ಹಾಕಿದ. ಹೋಗುವಾಗ, ಭಟ್ರಿಗೆ ಹೇಳ್ತೀರಾ ಮೇಡಂ ಎಂದು ಕೇಳಿದ.

ನವೆಂಬರ್ 30

ಮುಖೇಶಣ್ಣನಿಗೆ ಹೇಳಿದೆ. ಬಾಗಿಲು ಹಾಕಿಕೊಂಡರು. ಅವರಿಗೂ ಗೊತ್ತಿರಲಿಲ್ಲ — ಮುಖದಲ್ಲೇ ಕಂಡಿತು. ಮತ್ತೆ ಹೇಳಿದರು: ಪುಣೆಗೆ ಹೋಗುವ ಸ್ಯಾಂಪಲ್ ಟ್ರಕ್ಕಿಗೆ ಸ್ಪೀಕರ್ ತರಿಸಿ ಹಾಕುವುದು. ಉಳಿದ ಐದಕ್ಕೆ ಮೆಲ್ಲ, ಒಪ್ಪಿಗೆ ಆದ ಮೇಲೆ. ಮಾಲು ಸಿಕ್ಕಿದ ಹಾಗೆ.

ಸಿಗುವ ತನಕ ಆ ಐದು ರಸ್ತೆಯಲ್ಲಿ ಇರುತ್ತವಲ್ಲ ಎಂದೆ. ಒಂದು ಟ್ರಕ್ಕು ಬುಕ್ ಮಾಡಿದವರ ಮನೆ ಸುರತ್ಕಲ್ಲಿನಲ್ಲಿ, ಶಾಲೆಯ ಗೇಟಿಗೆ ಎದುರು.

"ಭಾರ್ಗವಿ, ನೀವು ಬರೆದ್ರೆ ಇಡೀ ಫೈಲು ವಾಪಸ್. ಆರು ತಿಂಗಳೋ ವರ್ಷವೋ, ಯಾರಿಗೆ ಗೊತ್ತು. ನಾನು ಪುನಃ ಬಹರೈನಿಗೆ ಹೋಗ್ಬೇಕಾ? ಮತ್ತೆ, ಮೊದಲು ಹೋಗುದು ನಿಮ್ಮ ಹೆಸರು. ಟಿಕ್ ಹಾಕಿದ್ದು ನಾನಲ್ಲ."

ನಿಜ. ಅದಕ್ಕೇ ಸಿಟ್ಟು ಬಂತು.

ಡಿಸೆಂಬರ್ 3

ಮೇಲ್ ಡ್ರಾಫ್ಟಿನಲ್ಲಿದೆ. ಕಳಿಸಲಿಲ್ಲ.

ಡಿಸೆಂಬರ್ 4

ಕಳಿಸಲಿಲ್ಲ. ಮೂರು ಸಲ ತೆರೆದೆ. ಒಂದು ಅಲ್ಪವಿರಾಮ ತೆಗೆದೆ, ಪುನಃ ಹಾಕಿದೆ. ಹೇಡಿ.

ಡಿಸೆಂಬರ್ 11

ಸ್ಯಾಂಪಲ್ ಟ್ರಕ್ಕು ಪುಣೆಯಲ್ಲಿ ಎಲ್ಲಾ ಪಾಸು. ಗುಂಯ್ ಎಂದಿತಂತೆ, ಬಹಳ ಚಂದದ ಶಬ್ದವಂತೆ. ಹದಿನೇಳಕ್ಕೆ ಒಪ್ಪಿಗೆ ಪತ್ರ. ಮುಖೇಶಣ್ಣ ನನ್ನ ಟೇಬಲ್ಲಿಗೆ ಬಂದು ಅಪ್ಪನ ಕಾಲಿನ ವಿಷಯ ಕೇಳಿದರು. ಕಣ್ಣು ನೋಡಿ ಮಾತಾಡಲು ಇಬ್ಬರಿಗೂ ಆಗಲಿಲ್ಲ.

ಮನೆಯಲ್ಲಿ ಅಪ್ಪ ವಾಹನಪೂಜೆಯ ಚೀಲ ಖಾಲಿ ಮಾಡಿಸಿದ್ದಾರೆ. ಹೊಸ ಭಟ್ರಿಗೆ ಬೇಕಾದೀತು, ಒಗೆದು ಇಡು ಎಂದರಂತೆ ಅಮ್ಮನಿಗೆ. ಹಗ್ಗದಲ್ಲಿ ಒಣಗುತ್ತಿದೆ. ನಾನು ಆ ಕಡೆ ಹೋಗದೆ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದೆ.

ಈಗೀಗ ಅಮ್ಮ ಏನು ಹೇಳಿದರೂ ಅಪ್ಪ "ಹಾಂ?" ಎನ್ನುತ್ತಾರೆ. ಕೇಳುತ್ತದೆ, ಆದರೂ ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ. ನೋಡಲಿಕ್ಕಾಗುವುದಿಲ್ಲ.

ಡಿಸೆಂಬರ್ 13, ಭಾನುವಾರ, ಸಂಜೆ 6:40

ಸಭೆ ಮುಗಿಯಿತು. ಜನವರಿ ಒಂದರಿಂದ ಬೇರೆಯವರು. ಹರಿಕೃಷ್ಣರು ಫೋನಿನಲ್ಲೇ ತಿಳಿಸಿದರು.

ಅಪ್ಪ ಜಗಲಿಯಲ್ಲಿ, ಕಾಲು ಸ್ಟೂಲಿನ ಮೇಲೆ. ಪಕ್ಕದಲ್ಲಿ ಕೂತೆ. ಕೇಳಿದೆ — ಆ ದಿನ ನಿಮಗೆ ನಿಜವಾಗಿ ಎಂತ ಕೇಳಿತು? ಏನೂ ಕೇಳಲಿಲ್ಲ ಎಂದರು. ಕಾಯುತ್ತಲೇ ಇದ್ದರಂತೆ, ಗುಂಯ್ ಬರುತ್ತದೆ ಎಂದು. ಬಂದಿಲ್ಲವಲ್ಲ, ಲಿಂಬೆ ಸರಿ ಮಾಡಲು ಹೊತ್ತುಂಟು ಎಂದುಕೊಂಡರಂತೆ. ಹಾಗಾದರೆ ಶಬ್ದವೇ ಇರಲಿಲ್ಲ ಎಂದು ಯಾಕೆ ಹೇಳಲಿಲ್ಲ, ಒಬ್ಬರ ಹತ್ತಿರವೂ?

ಅಪ್ಪ ನನ್ನನ್ನೇ ನೋಡಿದರು, ಇದೆಂತ ಪ್ರಶ್ನೆ ಎಂಬ ಹಾಗೆ.

"ಶಬ್ದ ಉಂಟು ಅಂತ ನೀನು ಹೇಳಿದ್ದಿ ಅಲ್ವಾ ಮಗಾ. ಎಲ್ಲಾ ನೋಡಿ ಸೈನ್ ಹಾಕಿದವಳು ನೀನು. ಅಂದ ಮೇಲೆ ಅಲ್ಲಿ ಶಬ್ದ ಇದ್ದೇ ಇರ್ತದೆ. ನನಗೆ ಕೇಳ್ಲಿಲ್ಲ ಅಂದ್ರೆ, ಹೋದದ್ದು ನನ್ನ ಕಿವಿಯೇ."

ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ನಲವತ್ತು ವರ್ಷದ ಕಿವಿಯನ್ನು ಬಿಟ್ಟುಕೊಟ್ಟರು, ನನ್ನ ಒಂದು ಟಿಕ್ಕಿಗಾಗಿ.

ಡಿಸೆಂಬರ್ 14, ಬೆಳಿಗ್ಗೆ 7:05

ಆರು ಗಂಟೆಗೆ ಕಳಿಸಿದೆ. ಪುಣೆಗೆ. ಮುಖೇಶಣ್ಣನಿಗೆ ಕಾಪಿ. ಹರಿಕೃಷ್ಣರಿಗೂ ಕಳಿಸಿದೆ, ಖಾಲಿ ಸ್ಪೀಕರ್ ಜಾಗದ ಫೋಟೋ ಸಮೇತ. ಮೊದಲ ಸಾಲು: "ಐಟಂ 31ನ್ನು ನಾನು ಕೇಳಿ ಪರೀಕ್ಷಿಸಿರಲಿಲ್ಲ, ಆದರೂ ಟಿಕ್ ಹಾಕಿದ್ದೇನೆ." ಎರಡನೆಯದು: "ಆರು ವಾಹನಗಳಲ್ಲಿ ಯಾವುದರಲ್ಲೂ ಶಬ್ದ ಇರಲಿಲ್ಲ."

ಆಮೇಲೆ ಅಪ್ಪನಿಗೆ ಹೇಳಿದೆ. ಎಲ್ಲವನ್ನೂ. ಮಿಲ್ಲು, ಟಿಕ್ಕು, ಎರಡು ವಾರದ ಡ್ರಾಫ್ಟು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನಿನ್ನ ಕೆಲಸ ಎಂತಾಗ್ತದೆ ಎಂದು ಮಾತ್ರ ಕೇಳಿದರು. ಹೋಗ್ತದೆ ಎಂದೆ. ಮುಖ ತಿರುಗಿಸಿ ರಸ್ತೆ ನೋಡುತ್ತಾ ಕೂತರು. ಕ್ಷಮಿಸಿದರೋ ಇಲ್ಲವೋ ಗೊತ್ತಿಲ್ಲ. ಕೇಳುವ ಧೈರ್ಯವೂ ಇಲ್ಲ.

ಫೋನನ್ನು ವೈಬ್ರೇಟಿನಲ್ಲಿಟ್ಟು ಒಳಕೋಣೆಯ ಬಟ್ಟೆ ರಾಶಿಯೊಳಗೆ ತುರುಕಿ, ಇಲ್ಲಿ ಊಟದ ಮೇಜಿನಲ್ಲಿ ಬರೆಯುತ್ತಿದ್ದೇನೆ. ಮುಖೇಶಣ್ಣ ಏಳುವುದು ಏಳಕ್ಕೆ.

ಜಗಲಿಯಿಂದ ಅಪ್ಪ. "ಮಗಾ, ನಿನ್ನ ಫೋನು. ಒಳಗೆ ಬಡ್ಕೊಳ್ತಾ ಉಂಟು."

ನನಗೇನೂ ಕೇಳುತ್ತಿಲ್ಲ. ಅಮ್ಮನಿಗೂ ಇಲ್ಲವಂತೆ. ಹೋಗಿ ನೋಡಿದೆ. ಹೌದು, ಮುಖೇಶಣ್ಣ. ಮಿಸ್ಡ್ ಕಾಲ್ ಎರಡು. ಮುಟ್ಟದೆ ಪುನಃ ಬಟ್ಟೆ ಮುಚ್ಚಿ ಬಂದೆ.

ಈಗ ಮತ್ತೆ ಅಪ್ಪ. ಸ್ವರ ಜೋರಾಗಿದೆ, ಹಿಂದಿನ ಹಾಗೆ.

"ಪುನಃ ಬಂತು. ನನಗೆ ಸರೀ ಕೇಳ್ತಾ ಉಂಟು. ಹೋಗಿ ತೆಗಿ."

ಹೋಗುತ್ತೇನೆ. ಮುಖೇಶಣ್ಣನಿಗೆ ಮೊದಲು ಹೇಳಬೇಕಾದದ್ದು — ಅಪ್ಪನ ಕಿವಿಗೆ ಏನೂ ಆಗಿಲ್ಲ.